ಹೆಸರು ಹಿಡಿಯದೆ ಇಟ್ಟ ಎಡೆ

ಇದು ಕಟ್ಟುಕಥೆ ಅನ್ನುವವರು ಮಗಳ ಜೊತೆ ನಾನಿರುವ ಈ ಪರದೇಶದ ಊರು ಅತ್ಲೋನಿಗೆ ಬಂದು ನಮ್ಮ ಅಡುಗೆಮನೆಯ ಬಾಗಿಲ ಹೊರಗೆ ಒಂದು ರಾತ್ರಿ ಕೂತು ನೋಡಲಿ. ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಪಕ್ಕದ ಮನೆಯ ನೊಮ್ಸಾ ನನ್ನ ಹಾಗೇ ಎಪ್ಪತ್ತು ದಾಟಿದವಳು, ದಕ್ಷಿಣ ಆಫ್ರಿಕದ ಕರಿಯ ಹೆಂಗಸು. ಇಬ್ಬರದೂ ಹರುಕು ಇಂಗ್ಲಿಷ್. ಅವಳ ಅಣ್ಣನನ್ನು ಅಲ್ಲಿನ ಬಿಳಿಯರ ಸರ್ಕಾರ ನೇಣಿಗೆ ಹಾಕಿತ್ತು. ಆಗ ಅಲ್ಲಿ ಬಸ್ಸು, ಬೆಂಚು, ಆಸ್ಪತ್ರೆ ಎಲ್ಲ ಬಣ್ಣ ನೋಡಿ ಬೇರೆ ಬೇರೆ. ನೇಣಿನ ಹಗ್ಗಕ್ಕೆ ಮಾತ್ರ ಹೆಚ್ಚಾಗಿ ಕರಿಯರೇ. ತಾಯಿಗೆ ಮುಚ್ಚಿದ ಪೆಟ್ಟಿಗೆ ತೋರಿಸಿದರು, ಮುಖ ತೋರಿಸಲಿಲ್ಲ. ಯಾವ ಗುಂಡಿಗೆ ಹಾಕಿದರೋ, ಅದೂ ಹೇಳಲಿಲ್ಲ.

"ಕಡೇ ರಾತ್ರಿ ಅವ ಊಟ ಮುಟ್ಲಿಲ್ವಂತೆ," ಎಂದಳು ನೊಮ್ಸಾ. "ನಾನೂ ಹೋಗೋ ಹೊತ್ತಾಯ್ತು. ಅವ ಇನ್ನೂ ಹಸ್ಕೊಂಡೇ ಇದ್ದಾನಾ? ಅದೊಂದು ಗೊತ್ತಾದ್ರೆ ಸಾಕು."

"ಅಳ್ಬೇಡ ಮಾರಾಯ್ತಿ. ನಮ್ಮಲ್ಲಿ ಸತ್ತವರಿಗೆ ಎಡೆ ಇಡ್ತೇವೆ. ಇಡುವ."

ಮಗಳು ಶೈಲಾ ಡ್ಯೂಟಿಗೆ ಹೊರಟಿದ್ದಳು. "ಅಮ್ಮಾ, ಧೂಪ ಹಾಕ್ಬೇಡಿ. ಹೊಗೆಗೆ ಅಲಾರಂ ಹೊಡ್ದು, ಪ್ರೇತ ಬರುವ ಮೊದ್ಲು ಫೈರ್ ಇಂಜಿನ್ ಬರ್ತದೆ!"

ಕತ್ತಲಾದ ಮೇಲೆ ಅಡುಗೆಮನೆಯ ನೆಲದಲ್ಲಿ ಒಂದು ತಟ್ಟೆ ಅನ್ನ, ಕೋಳಿ ಇಟ್ಟೆ. ಬಡಿಸಿದವರೇ ಹೆಸರು ಹಿಡಿದು ಕರೆಯಬೇಕು, ಮೊದಲ ಎಡೆಯಲ್ಲಿ ತಪ್ಪಿದರೆ ಮತ್ತೆ ಇಟ್ಟದ್ದು ಮುಟ್ಟದು, ಅದು ಕ್ರಮ. ಅವನ ಹೆಸರಿಗೆ ನನ್ನ ನಾಲಿಗೆ ಹೊರಳಲಿಲ್ಲ.

"ಬಾ ಮಗಾ, ಜೊತೆಯವರಿದ್ರೆ ಅವರನ್ನೂ ಕರ್ಕೊಂಡು ಬಾ," ಎಂದುಬಿಟ್ಟೆ. ಬಾಗಿಲು ಎಳೆದು ಇಬ್ಬರೂ ಹೊರಗೆ ಕೂತೆವು.

ಫ್ರಿಜ್ಜಿನ ಸದ್ದು ಮಾತ್ರ... ಆಮೇಲೆ ಅದೂ ನಿಂತಿತು.

ಒಳಗೆ ಯಾರೋ ಗುನುಗಿದ ಹಾಗೆ... ಒಬ್ಬನಲ್ಲ. ಗಂಡಸರ ದನಿಗಳು, ಒಂದರ ಮೇಲೊಂದು. ಬಾಗಿಲ ಸಂದಿಯಿಂದ ಕೋಳಿಯ ವಾಸನೆ ಬರಲಿಲ್ಲ. ಫಿನಾಯಿಲಿನದು ಬಂತು, ಹೊಸ ಹಗ್ಗದ್ದು ಬಂತು.

ನೊಮ್ಸಾ ನನ್ನ ಕೈ ಹಿಡಿದಳು. "ಇದು ಅವರ ಹಾಡು. ನೇಣಿನ ಹಿಂದಿನ ರಾತ್ರಿ ಇಡೀ ಜೈಲು ಹಾಡ್ತಿತ್ತು. ಅವತ್ತು ಅವನೂ ಸೇರಿ ಏಳು ಜನರನ್ನ ಸಾಲಾಗಿ ನಿಲ್ಲಿಸಿ..."

"ಮೊದ್ಲೇ ಹೇಳ್ಬಾರ್ದಿತ್ತಾ? ಒಂದೇ ತಟ್ಟೆ ಇಟ್ಟಿದ್ದೇನೆ!"

ಹಾಡು ಕಡಿದ ಹಾಗೆ ನಿಂತಿತು.

ಬಾಗಿಲು ತೆರೆದೆ. ಯಾರೂ ಇಲ್ಲ. ತಟ್ಟೆಯ ಅನ್ನ ಅಂಚಿನ ಸುತ್ತ ಪಾಲಾಗಿತ್ತು. ಒಂದೊಂದು ಪಾಲಿನ ಮೇಲೆ ಒಂದೊಂದು ಚೂರು ಕೋಳಿ.

ನೊಮ್ಸಾ ನಕ್ಕೇಬಿಟ್ಟಳು. "ಹಂಚಿದ್ದಾನೆ ನೋಡು, ಪೆದ್ದ! ಮನೇಲೂ ಹೀಗೇ!" ಬೆರಳಿಟ್ಟು ಎಣಿಸಿದಳು. ನಗು ನಿಂತಿತು.

ಆರೇ ಪಾಲು. ತನಗೆ ಇಟ್ಟುಕೊಂಡಿರಲಿಲ್ಲ.

ಈಗ ಅವನ ಹೆಸರು ಕಲಿತಿದ್ದೇನೆ. ದಿನಾ ಎಡೆ ಇಟ್ಟು ಹೆಸರು ಹಿಡಿದೇ ಕರೆಯುತ್ತೇನೆ. ಅನ್ನದ ಒಂದು ಅಗುಳೂ ಕದಲುವುದಿಲ್ಲ. ಬಾಗಿಲ ಹಿಂದೆ ಗುನುಗುವುದು ಮಾತ್ರ ಕೇಳುತ್ತದೆ...

ಒಬ್ಬನದೇ ದನಿ.