ಬೀರಣ್ಣನವರ ಗೋಲುಗಂಬ

ಎಂಬತ್ತು ದಾಟಿದ ಮೇಲೂ ನಮ್ಮ ಐ.ಡಿ.ಹಳ್ಳಿಯ ಬೀರಣ್ಣನವರು ದೇಶದ ಅತಿ ಕಿರಿಯ ಫುಟ್‌ಬಾಲ್ ಆಟಗಾರರಾಗಿಯೇ ಉಳಿದಿದ್ದರು. ಬಾಯಲ್ಲಿ ಹಲ್ಲು ನಿಲ್ಲದಿದ್ದರೂ ದಾಖಲೆ ನಿಂತಿತ್ತು. ಹದಿನಾರು ತುಂಬುವ ಮೊದಲೇ ದೇಶದ ಪರವಾಗಿ ಬರಿಗಾಲಲ್ಲಿ ಆಡಿದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ, ಆಮೇಲೂ ಹುಟ್ಟಲಿಲ್ಲ. ಎರಡನೇ ಪಂದ್ಯದಲ್ಲಿ ಬೂಟು ತೊಟ್ಟ ಎದುರಾಳಿಯೊಬ್ಬ ಅವರ ಮಂಡಿಯನ್ನೇ ಮೆಟ್ಟಿ ಅವರ ಆಟಕ್ಕೆ ಮಂಗಳ ಹಾಡಿದ. ಬೀರಣ್ಣನವರು ಕುಂಟುತ್ತಾ ಊರಿಗೆ ಬಂದು, ಬಿಟ್ಟುಹೋಗಿದ್ದ ಕುರಿಗಳ ಹಿಂದೆ ಮತ್ತೆ ನಡೆದರು. ಕುರಿಗಳು ವಿಶೇಷ ಗೌರವವನ್ನೇನೂ ತೋರಲಿಲ್ಲವಂತೆ.

ಆ ಕೊರತೆಯನ್ನು ತುಂಬಿದ್ದು ನಮ್ಮೂರ ಸನ್ಮಾನ ಸಮಿತಿ. ಪ್ರತಿವರ್ಷ ಊರ ಮೈದಾನದಲ್ಲಿ ಶಾಮಿಯಾನ ಹಾಕಿಸಿ, ಅವರಿಗೆ ಪೇಟ ತೊಡಿಸಿ, ಜರಿಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಿತ್ತು. ನಿವೃತ್ತ ಮೇಷ್ಟ್ರೆಂಬ ಕಾರಣಕ್ಕೆ ಪರಿಚಯ ಭಾಷಣ ನನ್ನ ಪಾಲಿಗೆ. ನಾನು "ಕಾಲ್ಚೆಂಡಿನ ಕಲಿ" ಎಂದಾಗಲೆಲ್ಲ ಅವರು ಪಕ್ಕದವರನ್ನು, "ಯಾರ್ಲಾ ಅವ್ನು?" ಎಂದು ಕೇಳುತ್ತಿದ್ದರು.

ಒಂದೇ ಒಂದು ತೊಡಕಿತ್ತು. ಆ ಮೈದಾನದಲ್ಲಿ ಬೀರಣ್ಣನವರೇ ನಿಂತು ನೆಡಿಸಿದ ಗೋಲುಗಂಬಗಳಿದ್ದವು. ಭಾನುವಾರ ಊರ ಹೈಕಳು ಅಲ್ಲಿ ಆಡುವುದು, ಇವರು ಕಲ್ಲಿನ ಮೇಲೆ ಕೂತು "ಲೇ, ಚೆಂಡು ಒದೆಯಾಕೂ ಮುಹೂರ್ತ ನೋಡ್ತೀಯೇನ್ಲಾ!" ಎಂದು ಬಯ್ಯುವುದು ವಾಡಿಕೆ. ವೇದಿಕೆ ಸರಿಯಾಗಿ ಅಲ್ಲಿಗೇ ಬರಬೇಕಾದ್ದರಿಂದ, ಫುಟ್‌ಬಾಲಿಗನನ್ನು ಸನ್ಮಾನಿಸಲು ಸಮಿತಿ ಪ್ರತಿಸಲವೂ ಗೋಲುಗಂಬ ಕೀಳುತ್ತಿತ್ತು. ಕಿತ್ತದ್ದನ್ನು ಮತ್ತೆ ನೆಡುವುದು ಸಮಿತಿಯ ಧ್ಯೇಯೋದ್ದೇಶಗಳಲ್ಲಿ ಸೇರಿರಲಿಲ್ಲ; ಅದು ಬೀರಣ್ಣನವರ ಕೆಲಸ. ಒಮ್ಮೆ ಪಂದ್ಯಕ್ಕೆಂದು ಪಾವಗಡದಿಂದ ಟೆಂಪೋದಲ್ಲಿ ಬಂದ ತಂಡ, ಮೈದಾನವನ್ನೆಲ್ಲ ಸುತ್ತಿ, "ಗೋಲು ಎಕ್ಕಡ ಸ್ವಾಮೀ?" ಎಂದು ತೆಲುಗಿನಲ್ಲಿ ಕೇಳುತ್ತಾ ಹುಡುಕಾಡಿ, ತಂದಿದ್ದ ಚಿತ್ರಾನ್ನ ತಿಂದು ಹಿಂತಿರುಗಿತು. ಬೀರಣ್ಣನವರು ಮಾತ್ರ ಅಂದು ಉಣ್ಣಲಿಲ್ಲ.

ಮರುದಿನ ಸಮಿತಿಯ ಅಧ್ಯಕ್ಷರ ಜಗಲಿಗೆ ಹೋಗಿ ನಿಂತರು.

"ನಂಗೆ ಶಾಲು ಬ್ಯಾಡ ಕಣಪ್ಪಾ, ಕಂಬ ಬುಟ್ಬುಡಿ. ಹೈಕ್ಳು ಆಡ್ಲಿ. ಯಾವನಾರ ನನ್ ರೆಕಾರ್ಡು ಮುರೀಲಿ."

ಅಧ್ಯಕ್ಷರು ಬೆಚ್ಚಿಬಿದ್ದರು. "ಮುರುದ್ರೆ ಆಮ್ಯಾಕೆ ನಾವು ಸನ್ಮಾನ ಯಾರ್ಗೆ ಮಾಡಾದು ಬೀರಣ್ಣಾ?"

ಇಂಥ ಗಹನ ಪ್ರಶ್ನೆಗೆ ಬೀರಣ್ಣನವರ ಬಳಿ ಇದ್ದ ಉತ್ತರ ಒಂದೇ. ಅವರ ಟಗರು. ಅದನ್ನು ಮಾರಿ ಸಿಮೆಂಟು ತರಿಸಿದರು. ಆಳವಾಗಿ ಗುಂಡಿ ತೋಡಿಸಿ, ಕಲ್ಲು ತುಂಬಿಸಿ, ಕಂಬಗಳನ್ನು ಮತ್ತೆ ನಿಲ್ಲಿಸಿದರು. ಅಷ್ಟೂ ವರ್ಷದ ಶಾಲುಗಳನ್ನು ಸೊಸೆಯ ಕೈಲಿ ಸೇರಿಸಿ ಹೊಲಿಸಿ, ಬಲೆಯ ಬದಲು ಗೋಲಿನ ಹಿಂದೆ ಕಟ್ಟಿಸಿದರು. ಜರಿ ಅಂಚಿನ ಗೋಲು ಲೋಕದಲ್ಲಿ ಇನ್ನೆಲ್ಲೂ ಇರಲಾರದು.

"ನೋಡಿ ಮೇಷ್ಟ್ರೇ, ಈಗ ಬೆಚ್ಚಗಾಯ್ತು," ಎಂದರು. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

ಕಳೆದ ತಿಂಗಳು ಹೋಗಿಬಿಟ್ಟರು. ಶೋಕಸಭೆ ಅದೇ ಮೈದಾನದಲ್ಲಿ, ಭಾನುವಾರ. ಸಮಿತಿಯವರು ವಾಡಿಕೆಯಂತೆ ಹಾರೆ ಹಿಡಿದು ಬಂದರು. ಕಂಬ ಅಲುಗಲಿಲ್ಲ. ಬೇರೆ ದಾರಿ ಕಾಣದೆ ಮೇಲಿನ ಅಡ್ಡಪಟ್ಟಿಗೇ ಹಾರ ಹಾಕಿದ ಪಟ ತೂಗುಹಾಕಿದರು. ಎಲ್ಲರೂ ತಲೆ ತಗ್ಗಿಸಿ ಮೌನ ಆಚರಿಸುತ್ತಿದ್ದಾಗ, ಮೂಲೆಯಲ್ಲಿ ಕಾದು ಬೇಸತ್ತಿದ್ದ ಆಟಗಾರರ ಕಡೆಯಿಂದ ಚೆಂಡೊಂದು ಬಂತು. ಅಧ್ಯಕ್ಷರ ಕಿವಿ ಪಕ್ಕದಲ್ಲೇ ಹಾದು, ಪಟದ ಕೆಳಗೆ ನುಗ್ಗಿ, ಶಾಲುಗಳ ಮಡಿಲಿಗೆ ಬಿತ್ತು.

"ಗೋಲ್!" ಎಂದು ಯಾರೋ ಕೂಗಿದರು.

ಹಾಗೆ ಕೂಗಿ ಸಭೆಯ ಘನತೆ ಕೆಡಿಸಿದ ಆ ದುಷ್ಟ ಯಾರೆಂದು ಸಮಿತಿ ಇನ್ನೂ ವಿಚಾರಣೆ ನಡೆಸುತ್ತಿದೆ. ಸಂತಾಪ ಭಾಷಣದ ಕಾಗದ ಹಿಡಿದು ಮುಂದಿನ ಸಾಲಿನಲ್ಲೇ ನಿಂತಿದ್ದ ನನ್ನ ಮೇಲೆ ಮಾತ್ರ ಯಾರಿಗೂ ಅನುಮಾನ ಬಂದಿಲ್ಲ.