ಹದಿನಾಲ್ಕು ಅಡಿಯ ಮಕ್ಕಳು

ಶಾಲೆಯಲ್ಲಿ ಅವರನ್ನು ಎಲ್ಲರೂ ‘ಯಾಕೆ ಮೇಡಂ’ ಅಂತಲೇ ಕರೆಯುತ್ತಿದ್ದರು. ಲೆಕ್ಕ ಹೇಳಿಕೊಡುವಾಗ ಉತ್ತರ ಸರಿಯಿದ್ದರೂ ಬಿಡುತ್ತಿರಲಿಲ್ಲ, ‘ಯಾಕೆ?’ ಅನ್ನುವವರು. ಮಕ್ಕಳು ಬೈದುಕೊಳ್ಳುತ್ತಲೇ ತಲೆ ಕೆರೆದುಕೊಂಡು ಯೋಚಿಸುತ್ತಿದ್ದರು.

ಆಮೇಲೆ ತರಗತಿಗೆ ಟ್ಯಾಬ್‌ಗಳು ಬಂದವು. ಪಕ್ಕದ ಕೋಣೆಯಲ್ಲಿ ವಿಜ್ಞಾನ ಹೇಳುವ ಅವರ ನಾದಿನಿಗೆ ಹಬ್ಬವೋ ಹಬ್ಬ. ‘ಅತ್ತಿಗೆ, ಹೃದಯ ಬಡಿಯೋದನ್ನ ಮಕ್ಕಳು ಕಣ್ಣಾರೆ ನೋಡ್ತಾವೆ. ನಾನು ಬೋರ್ಡಿನ ಮೇಲೆ ಬರೆದರೆ ಅದು ಬದನೆಕಾಯಿ ಥರ ಇರ್ತಿತ್ತು!’ ಅಂದಳು. ಮೇಡಂ ನಕ್ಕರು. ಅದು ನಿಜವೇ ಆಗಿತ್ತು.

ಒಂದು ದಿನ ಮೇಡಂ ಮುಂದಿನ ಬೆಂಚಿನ ಆರು ಮಕ್ಕಳ ಎತ್ತರವನ್ನು ತಾವೇ ಅಳೆದು, ಸರಾಸರಿ ತೆಗೆಯಲು ತರಗತಿಗೆ ಹೇಳಿದರು. ಐವರದನ್ನು ಅಡಿಯಲ್ಲಿ ಹೇಳಿ, ಒಬ್ಬಳದನ್ನು ಮಾತ್ರ ಬೇಕೆಂದೇ ಇಂಚಿನಲ್ಲಿ ಕೂಗಿದರು. ಎಲ್ಲರೂ ಹಾಗೇ ಟ್ಯಾಬಿಗೆ ಒತ್ತಿದರು. ಉತ್ತರ ಬಂತು: ಹದಿನಾಲ್ಕು ಅಡಿ. ಇಡೀ ತರಗತಿ ಬರೆದುಕೊಂಡಿತು.

‘ಹದಿನಾಲ್ಕು ಅಡಿ ಎತ್ತರದವರು ಈ ಬಾಗಿಲಲ್ಲಿ ಹೇಗ್ರಪ್ಪಾ ಒಳಗೆ ಬಂದ್ರಿ?’

ಒಬ್ಬರೂ ನಗಲಿಲ್ಲ. ತರಗತಿಗೇ ಮೊದಲನೆಯವಳು ಎದ್ದು ನಿಂತಳು. ‘ಮೇಡಂ, ಟ್ಯಾಬ್ ಹಾಗೇ ತೋರಿಸ್ತಿದೆ.’

‘ನಿನ್ನ ಕಣ್ಣು ಏನು ತೋರಿಸ್ತಿದೆ?’

ಅವಳು ಗಲಿಬಿಲಿಯಿಂದ ಮತ್ತೆ ಟ್ಯಾಬ್ ನೋಡಿದಳು. ಮಕ್ಕಳ ತಪ್ಪಿಗೆ ಮೇಡಂ ಎಂದೂ ಹೆದರಿದ್ದಿಲ್ಲ. ನಗಲಾರದ ಆ ಮುಖಗಳಿಗೆ ಹೆದರಿದರು.

ಅಂದೇ ಟ್ಯಾಬ್‌ಗಳನ್ನೆಲ್ಲ ಬೀರುವಿಗೆ ಹಾಕಿ ಬೀಗ ಜಡಿದರು. ತಿಂಗಳ ಪರೀಕ್ಷೆಯನ್ನು ಬರೀ ಪೆನ್ನು, ಕಾಗದದಲ್ಲಿ ನಡೆಸಿದರು. ಮಕ್ಕಳು ಪ್ರಶ್ನೆಯನ್ನು ನೀಟಾಗಿ ನಕಲು ಮಾಡಿ, ಕೆಳಗೆ ಖಾಲಿ ಬಿಟ್ಟು ಕೂತರು. ಕೆಲವರು ಅತ್ತರು. ಮರುದಿನ ತಂದೆತಾಯಂದಿರು ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿದರು.

‘ನಿಮ್ಮ ಹಟಕ್ಕೆ ನಮ್ಮ ಮಕ್ಕಳನ್ನ ಬಲಿ ಕೊಡ್ತೀರಾ?’ ಅಂತ ಒಬ್ಬಾಕೆ ಮೇಡಂ ಮುಖಕ್ಕೆ ಹೊಡೆದ ಹಾಗೆ ಕೇಳಿದಳು.

ಮುಖ್ಯೋಪಾಧ್ಯಾಯರು ಬೀಗದ ಕೈಗಾಗಿ ಕೈ ಚಾಚಿದರು. ‘ನಾಳೆಯಿಂದ ಚಿಕ್ಕ ಮಕ್ಕಳ ವಿಭಾಗಕ್ಕೆ ಹೋಗಿ. ಅಲ್ಲಿ ಇಷ್ಟು ರಗಳೆ ಇರಲ್ಲ.’

ಮೇಡಂ ಉಳಿದ ಶಿಕ್ಷಕರ ಜೊತೆ ನಿಂತಿದ್ದ ನಾದಿನಿಯ ಕಡೆ ನೋಡಿದರು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಾದಿನಿಯೇ ಬಾಯಿಬಿಟ್ಟಳು. ‘ನನ್ನ ಕ್ಲಾಸಲ್ಲೂ ಈಗ ಯಾರೂ ಏನೂ ಕೇಳಲ್ಲ ಅತ್ತಿಗೆ. ಹೃದಯ ಬಡಿಯುತ್ತೆ, ನೋಡ್ತಾವೆ, ಮುಂದಿನದು ಒತ್ತುತ್ತಾವೆ.’

‘ಗೊತ್ತಿದ್ದೂ ಅಲ್ಲಿ ಬಾಯಿ ಹೊಲ್ಕೊಂಡು ನಿಂತಿದ್ಯಲ್ಲೇ!’

‘ನನ್ನನ್ನೂ ಎತ್ತಿ ಹಾಕಿದ್ರೆ?’

ಮೇಡಂ ಹೆಚ್ಚಿದ ಈರುಳ್ಳಿಯನ್ನು ಬಾಚಿ ಬಾಣಲೆಗೆ ಸುರಿದರು.

ಚಿಕ್ಕವರ ಕೋಣೆಯಲ್ಲೂ ಟ್ಯಾಬ್‌ಗಳೇ; ಮಗು ಚಿತ್ರ ಬಿಡಿಸಿ ತಂದರೆ ಮಿಸ್ ಗುಂಡಿ ಒತ್ತಬೇಕು, ಪರದೆಯ ಮೇಲೆ ನಕ್ಷತ್ರ ಬರುತ್ತಿತ್ತು. ಆದರೂ ಇನ್ನೂ ಎಳೆಯವು, ತಿದ್ದಬಹುದು ಅಂದುಕೊಂಡರು ಮೇಡಂ. ಮೊದಲ ವಾರವೇ ಪುಟ್ಟಿಯೊಬ್ಬಳು ತಾನು ಟ್ಯಾಬಿನಲ್ಲಿ ಬಿಡಿಸಿದ ಬೆಕ್ಕನ್ನು ತಂದು ತೋರಿಸಿದಳು. ‘ಮಿಸ್, ಚೆನ್ನಾಗಿದ್ಯಾ?’

‘ನಿಂಗೇನು ಅನ್ಸುತ್ತೆ ಕಂದಾ?’

ಮಗು ಪರದೆಯನ್ನು ನೋಡಿತು. ಅಲ್ಲಿ ನಕ್ಷತ್ರ ಬರಲಿಲ್ಲ. ಮೇಡಂ ಮುಖ ನೋಡಿತು. ಅವರು ಕಾದರು. ಯೋಚಿಸಲಿ, ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ. ಪುಟ್ಟಿ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಬಾಗಿಲಲ್ಲಿ ಆಯಾ ಬಂದು ನಿಂತು ದುರುಗುಟ್ಟಿದಳು.

ಮೇಡಂ ಬಗ್ಗಿ, ತಮ್ಮ ಬೆರಳಿನಿಂದಲೇ ಗುಂಡಿ ಒತ್ತಿದರು. ಐದು ನಕ್ಷತ್ರ ಬಂತು. ಮಗು ನಕ್ಕಿತು.