ಭಾವ ಕೇಳಿದ ಅಣಬೆ ಮದ್ದು

ಮಂಗಳೂರಿನಿಂದ ಬೆಳಿಗ್ಗೆ ಹೊರಟ ವಿಮಾನ ದುಬೈಯಲ್ಲಿ ಇಳಿದಾಗ ಅಲ್ಲಿನ್ನೂ ತಿಂಡಿಯ ಹೊತ್ತು. ಗಡಿಯಾರವನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ಹೊರಗೆ ಬಂದೆ. ತಂಗಿ ವಿಜಯಾ ಒಬ್ಬಳೇ ನಿಂತಿದ್ದಳು. ಹಿಂದೆ ನಾನು ಬಂದಾಗ ಅವಳ ಗಂಡ ದಿವಾಕರ ಭಾವ ಜನರ ತಲೆಗಳ ಮೇಲಿಂದ “ಓಯ್ ಕಾರ್ಕಳ!” ಎಂದು ಕೂಗಿ, ಅರ್ಧ ವಿಮಾನ ನಿಲ್ದಾಣವೇ ತಿರುಗಿ ನೋಡುವಂತೆ ಮಾಡಿದ್ದರು.

“ಕಾರು ಮನೆಯಲ್ಲೇ ಉಂಟು. ಅವರು ಓಡಿಸುವುದಿಲ್ಲ ಈಗ” ಎಂದಳು ವಿಜಯಾ. ಪೆಟ್ಟಿಗೆ ಎಳೆದುಕೊಂಡು ಮೆಟ್ರೋ ಹತ್ತಿದೆವು. ಅಲ್ ಬರ್ಷಾದವರೆಗೆ ಸುಮಾರು ಮುಕ್ಕಾಲು ಗಂಟೆಯ ದಾರಿ. ಫೋನಿನಲ್ಲಿ ಅರ್ಧ ಹೇಳಿದ್ದನ್ನು ಅವಳು ಆ ದಾರಿಯಲ್ಲಿ ಪೂರ್ತಿ ಹೇಳಿದಳು. ಭಾವನಿಗೆ ಖಿನ್ನತೆ ಹಿಡಿದು ವರ್ಷದ ಮೇಲಾಗಿತ್ತು. ಎರಡು ಬಗೆಯ ಮಾತ್ರೆ ಕೊಟ್ಟು ನೋಡಿದ್ದರೂ ಗುಣವಿಲ್ಲ. ಈಗ ಯಾವುದೋ ವಿಡಿಯೋ ನೋಡಿ, ಯುರೋಪಿನ ಒಂದು ಊರಿನಲ್ಲಿ ಅಮಲು ಬರಿಸುವ ಅಣಬೆ ಕೊಟ್ಟು ಖಿನ್ನತೆ ಗುಣಪಡಿಸುವ ಶಿಬಿರಕ್ಕೆ ಹೋಗಲು ಟಿಕೆಟ್ ಮಾಡಿಸಿದ್ದರು. ಶಿಬಿರದವರು ಹೇಳಿದರೆಂದು ಇದ್ದ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಿದ್ದರು.

“ನಾನು ಹೇಳಿದರೆ ಗೋಡೆ ನೋಡ್ತಾರೆ. ನಿನ್ನ ಮಾತು ಕೇಳ್ತಾರೆ ಅಣ್ಣ.”

ಭಾವ ಸೋಫಾದ ತುದಿಯಲ್ಲಿ ಕುಳಿತಿದ್ದರು, ತಮ್ಮ ಮನೆಗೇ ನೆಂಟರಾಗಿ ಬಂದವರ ಹಾಗೆ. ಊರಿನಿಂದ ತಂದ ಗರಿಗರಿ ಕೋರಿರೊಟ್ಟಿಯ ಕಟ್ಟು ಕೊಟ್ಟೆ. ಮೊದಲಾದರೆ ಅಲ್ಲೇ ಒಡೆದು ಒಂದು ಚೂರು ಬಾಯಿಗೆ ಹಾಕಿಕೊಳ್ಳುವವರು. “ಇಡಿ ಭಾವ” ಎಂದರು, ಅಷ್ಟೆ. ಹೈಸ್ಕೂಲಿನಲ್ಲಿರುವ ಮಗಳು ಸ್ನಿಗ್ಧಾ ಕೋಣೆಯಿಂದ ಇಣುಕಿ, “ಹಾಯ್ ಮಾಮಾ, ಪಪ್ಪಾ ಈಸ್ ಜಸ್ಟ್ ಟಯರ್ಡ್” ಎಂದಳು. ಹೊರಗಿನವರಿಗೆ ಹೇಳಿ ಹೇಳಿ ಅವಳಿಗೆ ಅಭ್ಯಾಸವಾಗಿತ್ತು.

ಮರುದಿನ ಸಂಜೆ ನಾನೇ ಒತ್ತಾಯಿಸಿ ಭಾವನನ್ನು ದುಬೈಯ ಹಳೆಯ ಬಡಾವಣೆ ಸತ್ವಾಕ್ಕೆ ಹೊರಡಿಸಿದೆ. ಮದುವೆಗೆ ಮೊದಲು ಅವರಿದ್ದದ್ದು ಅಲ್ಲಿ, ದರ್ಜಿ ಅಂಗಡಿಗಳ ಹಿಂದಿನ ಹಳೆಯ ವಿಲ್ಲಾದ ಒಂದು ಕೋಣೆಯಲ್ಲಿ, ಎಂಟು ಜನರೊಂದಿಗೆ. ನವೆಂಬರ್ ಆದ್ದರಿಂದ ಗಾಳಿ ಹಿತವಾಗಿತ್ತು. ಒಂದು ದಿರ್ಹಮ್‌ನ ಕರಕ್ ಚಹಾ ಈಗ ಎರಡಾಗಿತ್ತು. ಲೋಟ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತೆವು.

“ಇಲ್ಲಿ ಮಂಚದ ಮೇಲೆ ಮಂಚ ಹಾಕಿ ಮಲಗುತ್ತಿದ್ದೆವು. ಆಗ ನನಗೆ ಏನೂ ಇರಲಿಲ್ಲ, ಆದರೆ ಖುಷಿ ಇತ್ತು” ಎಂದರು ಭಾವ. “ಈಗ ಎಲ್ಲ ಉಂಟು. ಬೆಳಿಗ್ಗೆ ಏಳುವಾಗ ಎದೆಯ ಮೇಲೆ ಕಲ್ಲು ಇಟ್ಟ ಹಾಗೆ. ಒಮ್ಮೆ ಅದು ಹೋದರೆ ಸಾಕು ಮಾರಾಯ್ರೆ, ಅಣಬೆಯೋ ವಿಷವೋ ನನಗೆ ಲೆಕ್ಕ ಇಲ್ಲ.”

ಬೈಯಬೇಕೆಂದು ಬಂದವನು ಅದನ್ನು ಬಿಟ್ಟೆ. “ಅಬುಧಾಬಿಯಲ್ಲಿ ಕನ್ನಡದ ಮನೋವೈದ್ಯರು ಒಬ್ಬರು ಇದ್ದಾರಂತೆ. ಅವರಲ್ಲಿ ಅಣಬೆಯ ವಿಷಯವನ್ನೇ ಕೇಳುವ. ಅವರು ಸರಿ ಅಂದರೆ ನಾನೇ ನಿಮ್ಮ ಜೊತೆ ಯುರೋಪಿಗೆ ಬರ್ತೇನೆ” ಎಂದೆ. ಭಾವ ಉಳಿದ ಚಹಾ ಕುಡಿದು ಮುಗಿಸಿದರು. ಆಮೇಲೆ, “ನಿಮಗೆ ಚಳಿ ತಡೆಯುವುದಿಲ್ಲ” ಎಂದರು. ಒಪ್ಪಿಗೆ ಎಂದು ತಿಳಿದುಕೊಂಡೆ.

ಅಬುಧಾಬಿಗೆ ಬಸ್ಸಿನಲ್ಲಿ ತಲೆಗೆ ಇಪ್ಪತ್ತೈದು ದಿರ್ಹಮ್, ಎರಡು ಗಂಟೆಯ ಹಾದಿ. ಭಾವ ಕಿಟಕಿಯ ಬದಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು, ನಿದ್ದೆ ಬಂದಿರಲಿಲ್ಲ. ಹೊರಗೆ ಮರಳು, ಬೇಲಿ, ಸಾಲಾಗಿ ನೆಟ್ಟ ಘಾಫ್ ಮರಗಳು. ವಿಜಯಾ ಬುತ್ತಿಯಲ್ಲಿ ತಂದ ಇಡ್ಲಿಯನ್ನು ಯಾರೂ ಮುಟ್ಟಲಿಲ್ಲ.

ಡಾಕ್ಟರು ಮೈಸೂರಿನ ಕಡೆಯ ಐವತ್ತರ ಹೆಂಗಸು. ಭಾವ ಕುಳಿತವರೇ ಅಣಬೆಯ ಮಾತೆತ್ತಿದರು. ಡಾಕ್ಟರು ನಗಲೂ ಇಲ್ಲ, ಗದರಿಸಲೂ ಇಲ್ಲ.

“ನೀವು ಓದಿರೋದು ಪೂರ್ತಿ ಸುಳ್ಳಲ್ಲ ಸಾರ್. ಅದರಲ್ಲಿರೋ ಸೈಲೋಸಿಬಿನ್ ಅನ್ನೋ ಅಂಶದ ಮೇಲೆ ಬೇರೆ ಬೇರೆ ದೇಶಗಳಲ್ಲಿ ಪ್ರಯೋಗ ನಡೀತಿದೆ. ಬೇರೆ ಮಾತ್ರೆ ಹಿಡಿಸದ ಕೆಲವರಿಗೆ ಉಪಯೋಗ ಆಗಿದೆ. ಆದರೆ ಅಲ್ಲಿ ಮೊದಲು ರೋಗೀನ ಚೆನ್ನಾಗಿ ಪರೀಕ್ಷೆ ಮಾಡ್ತಾರೆ, ಕೊಟ್ಟಾಗ ಪಕ್ಕದಲ್ಲೇ ಕೂತಿರ್ತಾರೆ, ಆಮೇಲೂ ಮಾತಾಡಿಸ್ತಾರೆ. ಶಿಬಿರದವರು ನಿಮ್ಮನ್ನ ಏನು ಕೇಳಿದ್ರು?”

“ಪಾಸ್‌ಪೋರ್ಟ್ ಕಾಪಿ ಕೇಳಿದ್ರು.”

“ನೋಡಿ. ಈ ದೇಶದಲ್ಲಿ ಅದು ನಿಷಿದ್ಧ, ಕಾನೂನು ತುಂಬ ಬಿಗಿ. ಅದನ್ನ ತಗೊಂಡು ಇಲ್ಲಿಗೆ ವಾಪಸ್ ಬರೋದೂ ಅಪಾಯವೇ. ಅದಿರಲಿ, ಇನ್ನೊಂದು ಕೇಳ್ತೀನಿ. ಮನೇಲಿ ಯಾರಿಗಾದರೂ ಇದಕ್ಕೆ ತದ್ವಿರುದ್ಧ ಆಗಿದ್ದುಂಟಾ? ದಿನಗಟ್ಟಲೆ ನಿದ್ದೆ ಬೇಡ, ವಿಪರೀತ ಉತ್ಸಾಹ, ಮಿತಿ ಇಲ್ಲದ ಖರ್ಚು?”

“ಇಲ್ಲ” ಎಂದರು ಭಾವ. ಹಿಂದಿನ ಡಾಕ್ಟರಿಗೂ ಅವರು ಹಾಗೇ ಹೇಳಿದ್ದರಂತೆ.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಭಾವನ ಮನೆಯೂ ನಮ್ಮದೂ ಒಂದೇ ಊರಿನಲ್ಲಿ. ಅವರ ಸೋದರಮಾವ ವಾಸಣ್ಣನನ್ನು ನಾನು ಕಂಡಿದ್ದೆ. ಭಾವ ಆಗ ಎತ್ತಿಕೊಳ್ಳುವ ಮಗು. ಹೇಳಿದರೆ ಒಂದು ಮನೆತನ ಮುಚ್ಚಿಟ್ಟದ್ದನ್ನು ಹೊರಗೆ ಹಾಕಿದಂತೆ, ಹೇಳದಿದ್ದರೆ?

“ಭಾವ, ಕ್ಷಮಿಸಿ” ಎಂದು ಶುರುಮಾಡಿದೆ. ವಾಸಣ್ಣ ಒಂದು ವರ್ಷ ವಾರಗಟ್ಟಲೆ ಮಲಗದೆ, ಪೇಟೆಯಲ್ಲಿ ಸಿಕ್ಕವರಿಗೆಲ್ಲ ಹೋಟೆಲಿನಲ್ಲಿ ಊಟ ಹಾಕಿಸಿದ್ದು, ಹೊಳೆಗೆ ತಾನೇ ಸೇತುವೆ ಕಟ್ಟಿಸುವೆನೆಂದು ಲಾರಿಗಟ್ಟಲೆ ಕಲ್ಲು ತರಿಸಿದ್ದು, ಆಮೇಲೆ ಕೋಣೆ ಸೇರಿ ತಿಂಗಳುಗಟ್ಟಲೆ ಯಾರಿಗೂ ಮುಖ ತೋರಿಸದೆ, ಕೊನೆಗೆ ಜೀವವನ್ನೇ ಕಳೆದುಕೊಂಡದ್ದು, ಎಲ್ಲ ಹೇಳಿದೆ. ವಿಜಯಾ ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ.

ಡಾಕ್ಟರು ಕುರ್ಚಿಯನ್ನು ಭಾವನ ಹತ್ತಿರ ಎಳೆದುಕೊಂಡರು. ನಿದ್ದೆ, ಖರ್ಚು, ಹಳೆಯ ದಿನಗಳ ಬಗ್ಗೆ ಇನ್ನೂ ಎಷ್ಟೋ ಕೇಳಿದರು. ಕೆಲವು ವರ್ಷಗಳ ಹಿಂದೆ ಒಂದು ತಿಂಗಳು ಭಾವ ಹಗಲಿರುಳೆನ್ನದೆ ಹೊಸ ವ್ಯಾಪಾರದ ಗುಂಗಿನಲ್ಲಿದ್ದದ್ದು ವಿಜಯಾಳಿಗೆ ಆಗ ನೆನಪಾಯಿತು. “ಇದು ಬರೀ ಖಿನ್ನತೆ ಅಲ್ಲದೇ ಇರಬಹುದು ಸಾರ್. ಬೈಪೋಲಾರ್ ಅಂತ, ಒಮ್ಮೆ ವಿಪರೀತ ಉತ್ಸಾಹ ಒಮ್ಮೆ ಖಿನ್ನತೆ ಬರೋ ಇನ್ನೊಂದು ಬಗೆ ಇದೆ. ಅದಕ್ಕೇ ಮಾತ್ರೆ ಹಿಡಿಸದೇ ಇದ್ದಿರಬಹುದು. ಅಂಥವರಿಗೆ ಅಣಬೆ ಬೆಂಕಿಗೆ ತುಪ್ಪ ಹಾಕಿದ ಹಾಗೆ ಆಗಬಹುದು. ಬೇರೆ ಮದ್ದು ಶುರುಮಾಡೋಣ. ಹೇಳದೆ ನಿಲ್ಲಿಸಬೇಡಿ. ವಾರ ವಾರ ಬನ್ನಿ.”

ಹೊರಗೆ ಬಂದು ಕಾರ್ನಿಶ್‌ನ ಕಡಲ ದಂಡೆಗೆ ಹೋದೆವು. ಭಾವ ನಮ್ಮಿಬ್ಬರನ್ನು ಬಿಟ್ಟು ಮುಂದೆ ನಡೆದು, ಕಟಾಂಜನ ಹಿಡಿದು ನಿಂತರು. ಇನ್ನು ಈ ಮನುಷ್ಯ ನನ್ನ ಮುಖ ನೋಡಲಾರರು ಎಂದುಕೊಂಡು ಮೆಲ್ಲಗೆ ಹತ್ತಿರ ಹೋದೆ.

“ನಮ್ಮ ಅಮ್ಮ ನನ್ನ ಹತ್ತಿರ ಕಾಮಾಲೆ ಅಂದಿದ್ದರು” ಎಂದರು ಭಾವ, ನೀರನ್ನೇ ನೋಡುತ್ತಾ. “ವಾಸು ಮಾವ ಕಾಮಾಲೆಯಲ್ಲಿ ಹೋದರು ಅಂತ.” ಮತ್ತೆ ಹೇಳಿದರು: “ಒಂದು ವರ್ಷದಿಂದ ನಾನು ಸೋಮಾರಿ, ಉಪಕಾರ ಗೊತ್ತಿಲ್ಲದವನು ಅಂತ ನನಗೆ ನಾನೇ ಬೈದುಕೊಂಡೆ, ಭಾವ. ನಮ್ಮ ರಕ್ತದಲ್ಲೇ ಉಂಟು ಅಂತ ಒಬ್ಬರಾದರೂ ಹೇಳಬಾರದಿತ್ತಾ?”

ನಾನೂ ಕಟಾಂಜನ ಹಿಡಿದು ಪಕ್ಕದಲ್ಲಿ ನಿಂತುಕೊಂಡೆ.

“ಸೇತುವೆ ಆಯಿತಾ?” ಎಂದು ಕೇಳಿದರು.

“ಇಲ್ಲ. ಆ ಕಲ್ಲಿನಲ್ಲಿ ಪಂಚಾಯತಿಯವರು ಬಸ್ ಸ್ಟಾಪಿನ ಕಟ್ಟೆ ಕಟ್ಟಿಸಿದರು.”

“ನಮ್ಮ ಅರಳಿಮರದ ಹತ್ತಿರದ್ದಾ? ಕಾಲೇಜಿಗೆ ಹೋಗುವಾಗ ದಿನಾ ಕೂತಿದ್ದೇನಲ್ಲ ಅದರಲ್ಲಿ!”

“ಊರಿಡೀ ಕೂತಿದೆ.”

ಭಾವನ ಮೂಗಿನಿಂದ ಫುಸ್ ಎಂದು ಒಂದು ನಗು ಬಂತು. ಅದರ ಹಿಂದೆಯೇ ಅಳು ಬಂತು. ವಿಜಯಾ ಓಡಿಬಂದು ತೋಳು ಹಿಡಿದುಕೊಂಡಳು. ಆಮೇಲೆ ಮೂವರೂ ಬೆಂಚಿನ ಮೇಲೆ ಕುಳಿತು ತಣ್ಣಗಿನ ಇಡ್ಲಿ ತಿಂದೆವು.

ಉಳಿದ ದಿನಗಳಲ್ಲಿ ಪವಾಡವೇನೂ ನಡೆಯಲಿಲ್ಲ. ಯುರೋಪಿನ ಟಿಕೆಟ್ಟನ್ನು ಭಾವ ತಾವೇ ರದ್ದು ಮಾಡಿಸಿದರು. ಹೊಸ ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು, ಬೆಳಗಿನ ಕಲ್ಲು ಹಾಗೇ ಇತ್ತು. ಆದರೆ ಒಂದು ಸಂಜೆ ಸ್ನಿಗ್ಧಾಳನ್ನು ಹತ್ತಿರ ಕೂರಿಸಿಕೊಂಡು, “ಪಪ್ಪನಿಗೆ ಸುಸ್ತಲ್ಲ ಮಗಾ, ಕಾಯಿಲೆ” ಎಂದು ಹೇಳಿದರು. ಅವಳು “ಐ ನೋ ಪಪ್ಪಾ” ಎಂದು ಅವರ ಭುಜಕ್ಕೆ ಒರಗಿದಳು.

ಹೊರಡುವ ದಿನ ಭಾವ ವಿಮಾನ ನಿಲ್ದಾಣಕ್ಕೆ ಬಂದರು. ಒಳಗೆ ಹೋಗುವಾಗ ನನ್ನ ಕೈ ಹಿಡಿದು, “ಊರಲ್ಲಿ ಕೇಳಿದರೆ ಆರಾಮ ಉಂಟು ಅಂತ ಹೇಳಬೇಡಿ. ಮದ್ದು ಮಾಡಿಸ್ತಾ ಇದ್ದೇನೆ ಅಂತ ಹೇಳಿ. ಅಮ್ಮನಿಗೂ” ಎಂದರು.

ಮಂಗಳೂರಿನಲ್ಲಿ ನನ್ನ ಹೆಂಡತಿಯ ಜೊತೆ ಭಾವನ ತಾಯಿಯೂ ಬಂದಿದ್ದರು. ಕಾರಿನಲ್ಲಿ ಕುಳಿತ ಮೇಲೆ ಅವರಿಗೆ ಎಲ್ಲ ಹೇಳಿದೆ, ವಾಸಣ್ಣನ ಹೆಸರನ್ನೂ ಬಿಡದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ, ಬಜಪೆ ಪೇಟೆ ದಾಟುವವರೆಗೂ ಕುಳಿತಿದ್ದರು.

ಆಮೇಲೆ ಕೇಳಿದರು: “ಮಾತ್ರೆ ಊಟದ ಮೊದಲಾ, ಆಮೇಲಾ?”

“ಆಮೇಲೆ ಅಮ್ಮ.”

“ಒಳ್ಳೇದಾಯಿತು. ಹಾಗಾದರೂ ಎರಡು ತುತ್ತು ಉಣ್ಣುತ್ತಾನೆ” ಎಂದರು.